ನೂರು ಕಾರಿನ ದೂರು, ಒಂದು ಟ್ರ್ಯಾಕ್ಟರಿನ ಸುಗ್ಗಿ: ವಿಶ್ವಾಸಾರ್ಹತೆಯ ಪ್ರಶಸ್ತಿಗಳು ಮತ್ತು ಕೊಪ್ಪಳದ ಎರಕ

140. ಅಮೆರಿಕದ ಜೆ.ಡಿ. ಪವರ್ ಸಂಸ್ಥೆಯ 2025ರ ಬಾಳಿಕೆ ಸಮೀಕ್ಷೆಯಲ್ಲಿ ಲೆಕ್ಸಸ್ ಕಾರುಗಳಿಗೆ ಬಂದ ಅಂಕ ಇದು. ಶಾಲೆಯ ಪರೀಕ್ಷೆಯ ಹಾಗಲ್ಲ, ಇಲ್ಲಿ ಅಂಕ ಇಳಿದಷ್ಟೂ ದರ್ಜೆ ಮೇಲು. ಮೂರು ವರ್ಷ ಹಳೆಯದಾದ ಕಾರುಗಳ ಮೊದಲ ಮಾಲೀಕರನ್ನು ಕೇಳಿ, ಹಿಂದಿನ ಹನ್ನೆರಡು ತಿಂಗಳಲ್ಲಿ ಅವರು ಕಂಡ ತೊಂದರೆಗಳನ್ನು ಕೂಡಿಸಿ, ನೂರು ಕಾರಿಗೆ ಎಷ್ಟು ಎಂದು ಲೆಕ್ಕ ಹಾಕಿದರೆ ಬರುವ ಸಂಖ್ಯೆ. ಆ ವರ್ಷ ಎಲ್ಲ ಬ್ರ್ಯಾಂಡುಗಳ ಸರಾಸರಿ 202. ಅದಕ್ಕೂ ಹಿಂದೆ, 2023ರಲ್ಲಿ ಲೆಕ್ಸಸ್‌ಗೆ 133, ಸರಾಸರಿ 186. 2024ರಲ್ಲಿ 135, ಸರಾಸರಿ 190. ಮೂರೂ ವರ್ಷ ಮೊದಲ ಸ್ಥಾನ ಲೆಕ್ಸಸ್‌ಗೇ. ಅತ್ಯಂತ ನಂಬಿಕಸ್ತ ಎಂದು ಹೆಸರಾದ ಕಾರಿನಲ್ಲೂ ಮೂರನೆಯ ವರ್ಷಕ್ಕೆ ತಲಾ ಒಂದಕ್ಕಿಂತ ಹೆಚ್ಚು ದೂರು ಇದೆ ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಹೇಳಲಿ ಎಂದು ನಿರೀಕ್ಷಿಸುವುದೂ ತಪ್ಪೇ.

ಕೊಪ್ಪಳದ ಕೆಎ-37 ಫಲಕ ಹೊತ್ತು ಓಡಾಡುವ ವಾಹನಗಳ ನಡುವೆ ಲೆಕ್ಸಸ್ ಹುಡುಕುವವರಿಗೆ ನಿರಾಸೆಯೇ ಹೆಚ್ಚು. ಆದರೂ ಕೊಪ್ಪಳದಲ್ಲಿ ಕೂತು ಈ ಪ್ರಶಸ್ತಿಯನ್ನು ಓದುವುದಕ್ಕೆ ಒಂದು ಕಾರಣವಿದೆ. ವಾಹನದ ನಂಬಿಕೆ ಶೋರೂಮಿನಲ್ಲಿ ಹುಟ್ಟುವುದಲ್ಲ, ಕುಲುಮೆಯಲ್ಲಿ ಹುಟ್ಟುತ್ತದೆ; ಕುಲುಮೆ ಈ ಜಿಲ್ಲೆಯಲ್ಲಿದೆ. ವಿಶ್ವಾಸಾರ್ಹತೆಯ ಮನ್ನಣೆಯಲ್ಲಿ ನಿರ್ಣಾಯಕವಾದದ್ದು ಭಾಜ್ಯಕ್ಕಿಂತ ಛೇದ, ಅಂದರೆ ಎಷ್ಟು ದೂರು ಬಂತು ಎನ್ನುವುದಕ್ಕಿಂತ ಯಾವುದರಿಂದ ಭಾಗಿಸಿದರು ಎನ್ನುವುದು ಎಂಬುದು ಈ ಲೇಖನದ ವಾದ. ಪ್ರಶಸ್ತಿ ಕೊಡುವವರ ಛೇದ ನೂರು. ಎರಕದ ಕಾರ್ಖಾನೆಯ ಛೇದ ಹತ್ತು ಲಕ್ಷ. ಗಂಗಾವತಿಯ ಗದ್ದೆಯ ಛೇದ ಒಂದೇ ಒಂದು.

ಮೊದಲು ನೂರರ ಕತೆ. ಜೇಮ್ಸ್ ಡೇವಿಡ್ ಪವರ್ 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮನೆಯ ಅಡುಗೆ ಮೇಜಿನಿಂದಲೇ ಕಂಪನಿ ಶುರುಮಾಡಿದರು. ಅಂಚೆಯಲ್ಲಿ ಬಂದ ಉತ್ತರಗಳನ್ನು ಎಣಿಸುವ ಕೆಲಸದಲ್ಲಿ ಹೆಂಡತಿ ಜೂಲಿಯೂ ಇದ್ದರು. 1970ರ ದಶಕದ ಮೊದಲಲ್ಲಿ ಮಾಜ್ದಾ ಕಂಪನಿಯ ರೋಟರಿ ಎಂಜಿನ್ನಿನ ಮಾಲೀಕರನ್ನು ಕೇಳಿದಾಗ, ಒಂದು ಚಿಕ್ಕ ರಬ್ಬರ್ ಬಳೆ, ಓ-ರಿಂಗ್, ಕೈಕೊಡುತ್ತಿರುವುದು ಪದೇಪದೇ ಕಾಣಿಸಿತು. ಆ ಸುದ್ದಿ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಬಂದದ್ದೇ ತಡ, ಗ್ರಾಹಕನ ದೂರನ್ನು ಎಣಿಸಿದರೆ ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿದೆ ಎಂಬುದು ಎಲ್ಲರಿಗೂ ಗೊತ್ತಾಯಿತು. 1984ರಲ್ಲಿ ಸುಬಾರು ತನ್ನ ಟೀವಿ ಜಾಹೀರಾತಿನಲ್ಲಿ ಈ ಸಂಸ್ಥೆಯ ಹೆಸರನ್ನು ಬಳಸಿಕೊಂಡಿತು. ಪ್ರಶಸ್ತಿಯನ್ನು ಜಾಹೀರಾತಿನಲ್ಲಿ ತೋರಿಸಬೇಕಾದರೆ ಕಾರು ಕಂಪನಿ ಪರವಾನಗಿ ಶುಲ್ಕ ಕಟ್ಟಬೇಕು. ಶುಲ್ಕ ಕಟ್ಟಿದ್ದರಿಂದ ಅಂಕ ಬಂತು ಎಂದು ಹೇಳಲು ಆಧಾರವಿಲ್ಲ, ಆದರೆ ದೂರಿನ ಲೆಕ್ಕವೇ ಸರಕಾಗಿ ಮಾರಾಟವಾಗುವ ಏರ್ಪಾಡು ಇದು ಎಂಬುದನ್ನು ಸಂಶೋಧಕ ಮರೆಯಬಾರದು. 1936ರಿಂದ ಇರುವ ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಇನ್ನೊಂದು ಸಂಸ್ಥೆ ಜಾಹೀರಾತನ್ನೇ ತೆಗೆದುಕೊಳ್ಳದೆ ತನ್ನ ಸದಸ್ಯರನ್ನು ಕೇಳುತ್ತದೆ. ಅಲ್ಲಿಯೂ ಲೆಕ್ಸಸ್ ಮತ್ತು ಟೊಯೊಟಾ ಮೇಲಿನ ಸಾಲಿನಲ್ಲೇ ಇರುತ್ತ ಬಂದಿವೆ. ಹಾಗಾಗಿ ಕಾರಿನ ಗಟ್ಟಿತನದ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಎಣಿಕೆಯ ಬಗ್ಗೆ.

ಲೆಕ್ಸಸ್ ಹೆಸರು ಗಳಿಸಿದ ಬಗೆಯಲ್ಲೇ ಈ ಎಣಿಕೆಯ ಸೋಜಿಗವಿದೆ. ಎಲ್‌ಎಸ್ 400 ಕಾರು ಮಾರುಕಟ್ಟೆಗೆ ಬಂದದ್ದು 1989ರಲ್ಲಿ. ಅದೇ ಡಿಸೆಂಬರಿನಲ್ಲಿ ಎರಡು ದೂರು ಬಂದವು: ಹಿಂಬದಿಯ ಮೇಲಿನ ಬ್ರೇಕ್ ದೀಪದ್ದು, ಕ್ರೂಸ್ ಕಂಟ್ರೋಲಿನದ್ದು. ಬರೀ ಎರಡು. ಕಂಪನಿ ಅಲ್ಲಿಯವರೆಗೆ ಮಾರಿದ್ದ ಸುಮಾರು 8,000 ಕಾರುಗಳನ್ನೂ ವಾಪಸು ಕರೆಸಿತು. ಮನೆಬಾಗಿಲಿಗೆ ಹೋಗಿ ಕಾರು ಒಯ್ದು, ರಿಪೇರಿ ಮಾಡಿ, ತೊಳೆದು, ಪೆಟ್ರೋಲ್ ತುಂಬಿಸಿ ತಂದು ನಿಲ್ಲಿಸಿದರು. ಇಪ್ಪತ್ತು ದಿನದಲ್ಲಿ ಕೆಲಸ ಮುಗಿಯಿತು. ಅಂದರೆ ಬ್ರ್ಯಾಂಡಿನ ನಂಬಿಕೆಗೆ ಬುನಾದಿಯಾದದ್ದು ದೂರೇ ಬರದಿದ್ದದ್ದಲ್ಲ, ಬಂದ ಎರಡು ದೂರನ್ನು ಎಂಟು ಸಾವಿರದ ತೂಕದಲ್ಲಿ ತೂಗಿದ್ದು. ಹದಿನಾಲ್ಕು ವರ್ಷ ಸತತವಾಗಿ ಮುಂದಿದ್ದ ಲೆಕ್ಸಸ್ 2009ರಲ್ಲಿ ಮೊದಲ ಸ್ಥಾನವನ್ನು ಬ್ಯೂಕ್ ಮತ್ತು ಜಾಗ್ವಾರ್‌ಗಳಿಗೆ ಬಿಟ್ಟುಕೊಟ್ಟಿತು. 2022ರಲ್ಲಿ ಕಿಯಾ ಮೇಲೇರಿತು. ಮನ್ನಣೆ ಶಾಶ್ವತವಲ್ಲ, ಅದಿರಲಿ.

ಮುಖ್ಯವಾದದ್ದು ದೂರಿನ ಜಾತಿ. 2024ರ ಸಮೀಕ್ಷೆಯ 190ರಲ್ಲಿ ಸುಮಾರು 49 ದೂರು ಪರದೆ, ಹಾಡು, ಧ್ವನಿ ಆಜ್ಞೆಗಳ ವಿಭಾಗದ್ದು. ಫೋನು ಕಾರಿಗೆ ಕೂಡಿಕೊಳ್ಳದಿರುವುದು, ಹೇಳಿದ ಮಾತು ಕಾರಿಗೆ ತಿಳಿಯದಿರುವುದು ಮೇಲಿನ ಸಾಲಿನ ದೂರುಗಳು. ಎಂಜಿನ್ನಿನ ಬ್ಲಾಕು ಬಿರುಕು ಬಿಟ್ಟದ್ದೂ ಒಂದು ದೂರು, ಆಂಡ್ರಾಯ್ಡ್ ಆಟೋ ಕೂಡಿಕೊಳ್ಳದ್ದೂ ಒಂದು ದೂರು; ಕೂಡಿಸುವಾಗ ಎರಡೂ ಸಮ. ವಿಶ್ವಾಸಾರ್ಹತೆಗೆ ಎಂಜಿನಿಯರುಗಳು ಕೊಡುವ ವ್ಯಾಖ್ಯೆ ಹೀಗಿದೆ: ಹೇಳಿದ ಪರಿಸ್ಥಿತಿಯಲ್ಲಿ, ಹೇಳಿದ ಅವಧಿಯವರೆಗೆ, ಹೇಳಿದ ಕೆಲಸವನ್ನು ತಪ್ಪದೆ ಮಾಡುವ ಸಂಭವನೀಯತೆ. ಈ ಸಮೀಕ್ಷೆಯಲ್ಲಿ ಪರಿಸ್ಥಿತಿ ಅಮೆರಿಕದ ಡಾಂಬರು ರಸ್ತೆ, ಅವಧಿ ಮೂರು ವರ್ಷ. ಯಂತ್ರಕ್ಕೆ ಬಾಲಗ್ರಹವೂ ಇದೆ, ಮುಪ್ಪೂ ಇದೆ. ನಡುವೆ ಆರೋಗ್ಯವಾಗಿರುವ ಕಾಲ ದೊಡ್ಡದು. ಸಮೀಕ್ಷೆ ಬಂದು ಕದ ತಟ್ಟುವುದು ಆ ನಡುಗಾಲದಲ್ಲಿ.

ಇನ್ನು ಕುಲುಮೆಗೆ ಬರೋಣ. ಕೊಪ್ಪಳದಿಂದ ಹೊಸಪೇಟೆಯ ಕಡೆಗೆ ಹೊರಟರೆ ಹಿಟ್ನಾಳದ ಆಸುಪಾಸಿನ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಿದೆ. ಸಂಡೂರು–ಹೊಸಪೇಟೆಯ ಅದಿರು, ತುಂಗಭದ್ರೆಯ ನೀರು, ಹುಬ್ಬಳ್ಳಿ–ಗುಂತಕಲ್ಲು ರೈಲು ಮೂರೂ ಇಲ್ಲಿ ಕೈಗೆಟುಕುತ್ತವೆ. ಮಿನಿ ಬ್ಲಾಸ್ಟ್ ಫರ್ನೇಸುಗಳಲ್ಲಿ ಪಿಗ್ ಐರನ್ ತಯಾರಾಗುತ್ತದೆ. ಅದೇ ಆವರಣದ ಫೌಂಡ್ರಿಯಲ್ಲಿ ಬೂದು ಬೀಡಿನ ಎರಕ ಹೊಯ್ದು ಸಿಲಿಂಡರ್ ಬ್ಲಾಕು, ಸಿಲಿಂಡರ್ ಹೆಡ್ಡು, ಗೇರುಪೆಟ್ಟಿಗೆಯ ಕವಚ ಮಾಡುತ್ತಾರೆ. ಟ್ರ್ಯಾಕ್ಟರು ಮತ್ತು ವಾಹನ ಕಂಪನಿಗಳು ಗಿರಾಕಿಗಳು.

ಹೆಸರಿನ ಗೊಂದಲವನ್ನು ಇಲ್ಲೇ ಬಿಡಿಸಬೇಕು. ಬಿಡದಿಯಲ್ಲಿ ಕಾರು ಮಾಡುವ ಟೊಯೊಟಾ ಕಿರ್ಲೋಸ್ಕರ್ ಮೋಟರ್ ಬೇರೆ, ಬೇವಿನಹಳ್ಳಿಯ ಕಾರ್ಖಾನೆ ಬೇರೆ. ಎರಡೂ ಒಂದೇ ಮನೆತನದ ಬೇರೆ ಬೇರೆ ಕವಲುಗಳ ಹೆಸರು ಹೊತ್ತಿವೆ. ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದು 1997ರ ಆಗಸ್ಟಿನಲ್ಲಿ, ಬಿಡದಿಯ ಕಂಪನಿ ಹುಟ್ಟಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಲೆಕ್ಸಸ್ ಭಾರತಕ್ಕೆ ಬಂದದ್ದು 2017ರಲ್ಲಿ, ಬಿಡದಿಯಲ್ಲಿ ಇಎಸ್ 300ಎಚ್ ಕಾರಿನ ಜೋಡಣೆ ಶುರುವಾದದ್ದು 2020ರಲ್ಲಿ. ಆ ಕಾರಿನ 2.5 ಲೀಟರ್ ಎಂಜಿನ್ನಿನ ಬ್ಲಾಕು ಅಲ್ಯೂಮಿನಿಯಮ್ಮಿನದು. ಪ್ರಶಸ್ತಿ ಗೆದ್ದ ಕಾರಿನ ಎದೆಯಲ್ಲಿ ಕೊಪ್ಪಳದ ಬೀಡು ಇದೆ ಎಂದು ಬರೆದಿದ್ದರೆ ಲೇಖನಕ್ಕೆ ಕಳೆ ಬರುತ್ತಿತ್ತು. ಇಲ್ಲದ್ದನ್ನು ಬರೆಯಲಾಗದು.

ಬೀಡಿನ ಬ್ಲಾಕು ಹುಟ್ಟುವುದನ್ನು ಹತ್ತಿರದಿಂದ ನೋಡಿದರೆ ಎರಡನೆಯ ಛೇದ ತಾನಾಗಿ ತಿಳಿಯುತ್ತದೆ. ಹೊರಗಿನ ಆಕಾರಕ್ಕೆ ಮರಳಿನ ಅಚ್ಚು. ಒಳಗೆ ನೀರು ಹರಿಯುವ ಟೊಳ್ಳಿಗೆ ಅಂಟು ಕಲಸಿದ ಮರಳಿನದೇ ಕೋರು. ಕರಗಿದ ಕಬ್ಬಿಣ ಇವೆರಡರ ನಡುವಿನ ಕೆಲವೇ ಮಿಲಿಮೀಟರ್ ಸಂದಿಗೆ ಇಳಿಯಬೇಕು. ಮರಳಿನಲ್ಲಿ ಪಸೆ ಉಳಿದರೆ, ಕೋರಿನ ಅನಿಲ ಹೊರಹೋಗಲು ದಾರಿ ಸಿಗದಿದ್ದರೆ ಒಳಗೆ ಗಾಳಿಗುಳ್ಳೆ ಏಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಆರಿದ ಮೇಲೆ ಮರಳು ಉದುರಿಸಿ, ಅಂಚು ಉಜ್ಜಿ, ತೂತುಗಳನ್ನೆಲ್ಲ ಬಿರಡೆ ಹಾಕಿ ಮುಚ್ಚಿ, ಒಳಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸುವುದು ಸೋರಿಕೆ ನೋಡುವ ಒಂದು ಹಳೆಯ ವಿಧಾನ. ಸೂಜಿಮೊನೆಯಷ್ಟು ಕಡೆಯಿಂದ ಗುಳ್ಳೆಗಳ ಎಳೆ ಎದ್ದರೆ ಆ ಬ್ಲಾಕು ಮತ್ತೆ ಕುಲುಮೆಗೆ. ಎರಕಗಾರನ ಕಣ್ಣು ತಪ್ಪಿಸಿ ಗಿರಾಕಿಯ ಮಶಿನ್ ಶಾಪಿಗೆ ಹೋದ ಗುಳ್ಳೆ ಅಲ್ಲಿ ಬೋರ್ ಕೊರೆಯುವಾಗ ಬಾಯಿ ತೆರೆಯುತ್ತದೆ. ಆಗ ಅದು ‘ರಿಜೆಕ್ಷನ್’. ಬಿಡಿಭಾಗ ಒದಗಿಸುವವರ ರಿಜೆಕ್ಷನ್ನನ್ನು ವಾಹನ ಉದ್ಯಮ ಎಣಿಸುವುದು ಹತ್ತು ಲಕ್ಷಕ್ಕೆ ಎಷ್ಟು ಎಂದು. ಶಾಪ್ ಫ್ಲೋರಿನ ಮಾತಿನಲ್ಲಿ ಪಿಪಿಎಂ. ಮೇಲಿನವರಿಗೆ ನೂರಕ್ಕೆ 140 ದೂರಿದ್ದರೂ ಪದಕ. ಕೆಳಗಿನವರನ್ನು ಹತ್ತು ಲಕ್ಷದಲ್ಲಿ ಕೆಲವೇ ಬಿಡಿಗಳಿಗೆ ಕಟಕಟೆಗೆ ತರುತ್ತಾರೆ. ಎರಡೂ ಒಂದೇ ಬಗೆಯ ಎಣಿಕೆಯಲ್ಲ, ನಿಜ. ಕಾರು ಸಾವಿರಾರು ಬಿಡಿಭಾಗಗಳ ಕೂಟ. ಒಂದೊಂದು ಭಾಗವೂ ಸಾವಿರಕ್ಕೊಂದರಂತೆ ಕೆಟ್ಟರೆ ಯಾವ ಕಾರೂ ರಸ್ತೆಯಲ್ಲಿ ಉಳಿಯದು. ಆದ್ದರಿಂದಲೇ ಕೆಳಗಿನ ಛೇದ ಅಷ್ಟು ದೊಡ್ಡದಾಗಿರಲೇಬೇಕು. ಬ್ರ್ಯಾಂಡಿನ ಪದಕ ಈ ದೊಡ್ಡ ಛೇದದ ಹೆಗಲ ಮೇಲೆ ನಿಂತಿದೆ. ಬ್ಲಾಕು ಕೆಡಲಿಲ್ಲವಾದ್ದರಿಂದ ಸಮೀಕ್ಷೆಯಲ್ಲಿ ಅದರ ಸುದ್ದಿಯೇ ಇಲ್ಲ.

ಎಣಿಕೆಗೆ ಸಿಗದ ಇನ್ನೊಂದು ದೂರೂ ಇದೆ. ಗಿಣಿಗೇರಿ, ಅಲ್ಲಾನಗರದ ಕಡೆ ಮನೆಯ ಮಾಳಿಗೆಗೆ ಕೈಯಿಟ್ಟರೆ ಕಾರ್ಖಾನೆಗಳ ಕಪ್ಪು ಬೂದಿ ಅಂಟುತ್ತದೆ ಎಂಬುದು ಜಿಲ್ಲೆಯ ಹಳೆಯ ಅಳಲು. 2025ರ ಫೆಬ್ರವರಿಯಲ್ಲಿ ಊರ ಮಗ್ಗುಲಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು ಕೊಪ್ಪಳ ಬಂದ್ ನಡೆಯಿತು, ಗವಿಮಠದ ಸ್ವಾಮೀಜಿಯವರೂ ಜನರ ಜೊತೆ ನಿಂತರು. ಕಬ್ಬಿಣದ ಬಾಳಿಕೆಯನ್ನು ಅಳೆಯುವ ಯಾವ ಸಮೀಕ್ಷೆಯ ಪ್ರಶ್ನಾವಳಿಯಲ್ಲೂ ಈ ಬೂದಿಗೆ ಕಾಲಂ ಇಲ್ಲ.

ಮೂರನೆಯ ಛೇದ ಹೊಲದ್ದು. ಕಿರ್ಲೋಸ್ಕರರ ಕತೆಯೇ ಅಲ್ಲಿಂದ ಶುರುವಾದದ್ದು. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂದೆ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಎಂದು ರೈತರು ಮುಟ್ಟಲಿಲ್ಲ. ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಪದಕ ತೋರಿಸಿ ಕರಗಿಸಬಹುದಾದ ಅಪನಂಬಿಕೆ ಅದಾಗಿರಲಿಲ್ಲ. ಪಕ್ಕದ ಹೊಲದಲ್ಲಿ ಬೆಳೆ ನಿಂತದ್ದು ಕಂಡ ಮೇಲಷ್ಟೇ ಕರಗಿತು.

ಇಂದಿಗೂ ರೈತ ಆ ಗುಣ ಬಿಟ್ಟಿಲ್ಲ. ಮಹೀಂದ್ರದ ಟ್ರ್ಯಾಕ್ಟರ್ ವಿಭಾಗಕ್ಕೆ 2003ರಲ್ಲಿ ಜಪಾನಿನ ಡೆಮಿಂಗ್ ಪ್ರಶಸ್ತಿ ಬಂತು. ಜಗತ್ತಿನಲ್ಲಿ ಬೇರಾವ ಟ್ರ್ಯಾಕ್ಟರ್ ಕಂಪನಿಗೂ ಅದಕ್ಕೂ ಮುಂಚೆ ಬಂದಿರಲಿಲ್ಲ. ಟೊಯೊಟಾಗೆ ಅದೇ ಪ್ರಶಸ್ತಿ ಬಂದದ್ದು 1965ರಲ್ಲಿ. ಮಾಲೀಕರ ದೂರನ್ನು ಎಣಿಸುವ ಬದಲು ಕಂಪನಿಯ ಕೆಲಸದ ಪದ್ಧತಿಯನ್ನೇ ಒಳಹೊಕ್ಕು ನೋಡುವ ಪ್ರಶಸ್ತಿ ಅದು. ನನ್ನ ಮಟ್ಟಿಗೆ ಅದರ ತೂಕ ಹೆಚ್ಚು. ಆದರೆ ಕಾರಟಗಿಯಲ್ಲೋ ಯಲಬುರ್ಗಿಯಲ್ಲೋ ಹಳೆಯ ಟ್ರ್ಯಾಕ್ಟರ್ ಕೊಳ್ಳುವವನು ಪ್ರಶಸ್ತಿಯ ಸುದ್ದಿ ಎತ್ತುವುದಿಲ್ಲ. ಹಿಂದೆ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದ ಕಣ್ಣೇ ಈಗ ಎಂಜಿನ್ನಿನ ಮೇಲೆ ಬೀಳುತ್ತದೆ. ಬೆಳಗಿನ ಜಾವವೇ ಹೋಗಿ ಮೊದಲು ಬಾನೆಟ್ಟಿಗೆ ಅಂಗೈ ಇಡುತ್ತಾನೆ: ಬಿಸಿಯಿದ್ದರೆ ಮಾರುವವನು ಆಗಲೇ ಒಮ್ಮೆ ಚಾಲೂ ಮಾಡಿ ಇಟ್ಟಿದ್ದಾನೆ, ತಣ್ಣಗಿದ್ದಾಗ ಹತ್ತುವುದಿಲ್ಲ ಎಂದೇ ಅರ್ಥ. ಆಮೇಲೆ ಆಯಿಲ್ ಕಡ್ಡಿ ಎಳೆದು ಬೆರಳಿಗೆ ಒರೆಸಿಕೊಳ್ಳುತ್ತಾನೆ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ನೀರು ಸೇರಿದೆ. ಗ್ಯಾಸ್ಕೆಟ್ ಹೋಗಿರಬೇಕು, ಇಲ್ಲವೇ ಬ್ಲಾಕಿಗೇ ಬಿರುಕು. ಚಾಲೂ ಮಾಡಿ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಒತ್ತಿ ಬಂದರೆ ‘ಬೋರಿಗೆ ಬಂದೈತಿ’ ಎಂದು ಬೆಲೆ ಇಳಿಸುತ್ತಾನೆ. ಇದೆಲ್ಲ ಸರಿಯಿದ್ದರೆ ಕೇಳುವ ಪ್ರಶ್ನೆ ಒಂದೇ: ಯಾರ ಹೊಲದಾಗ ದುಡಿದೈತಿ?

ಪ್ರಶ್ನೆ ಸಣ್ಣದಲ್ಲ. ಎಡದಂಡೆ ಕಾಲುವೆಯ ಕೆಳಗೆ ಗಂಗಾವತಿ ಭಾಗದಲ್ಲಿ ಕಬ್ಬಿಣದ ಕೇಜ್‌ವೀಲ್ ಕಟ್ಟಿಕೊಂಡು ಮೊಣಕಾಲುದ್ದ ಕೆಸರಿನಲ್ಲಿ ಭತ್ತದ ಗದ್ದೆ ಹದಮಾಡಿದ ಟ್ರ್ಯಾಕ್ಟರಿನ ಆಯುಸ್ಸು ಬೇರೆ. ಯಲಬುರ್ಗಿಯ ಎರೆಹೊಲದಲ್ಲಿ ಮಡಿಕೆ ಹೊಡೆದದ್ದರ, ಕುಷ್ಟಗಿಯ ಮಸಾರಿ ಧೂಳಿನಲ್ಲಿ ಏರ್ ಫಿಲ್ಟರ್ ಮುಚ್ಚಿಹೋಗುವಂತೆ ದುಡಿದದ್ದರ ಆಯುಸ್ಸು ಬೇರೆ. ವ್ಯಾಖ್ಯೆಯಲ್ಲಿ ಬರುವ ‘ಹೇಳಿದ ಪರಿಸ್ಥಿತಿ’ ಎಂಬ ಮಾತನ್ನು ಈ ಗಿರಾಕಿ ಓದಿಲ್ಲ, ಆದರೆ ಸಮೀಕ್ಷೆಗಿಂತ ಚೊಕ್ಕಾಗಿ ಬಳಸುತ್ತಾನೆ. ಅವನ ಅವಧಿಯೂ ವರ್ಷದ್ದಲ್ಲ, ಸುಗ್ಗಿಯದು. ನಾಟಿಯ ಹದಿನೈದು ದಿನ ಕೆಟ್ಟು ನಿಂತರೆ ಉಳಿದ ಮುನ್ನೂರೈವತ್ತು ದಿನ ಓಡಿದ್ದಕ್ಕೆ ಬೆಲೆಯಿಲ್ಲ. ‘ಕೈ ಕೊಡಂಗಿಲ್ಲ’ ಎಂಬ ಈ ಸೀಮೆಯ ಮಾತಿನಲ್ಲಿ ಸರಾಸರಿಗೆ ಜಾಗವೇ ಇಲ್ಲ. ಅವನದು ಒಂದೇ ಗಾಡಿ. ಬಾಡಿಗೆ ಇನ್ನೋವಾ ಓಡಿಸುವವರ ಮಾತಿನಲ್ಲೂ ಇದೇ ತರ್ಕ: ಎಷ್ಟು ಲಕ್ಷ ಕಿಲೋಮೀಟರ್ ಆಯಿತು, ಎಂಜಿನ್ ಬಿಚ್ಚಿದ್ದೀರಾ, ಇಲ್ಲವಾ. ಹುಲಿಗೆಮ್ಮನ ಗುಡಿಯ ಮುಂದೆ ಹೊಸ ಗಾಡಿಗೆ ನಿಂಬೆಹಣ್ಣು ಕಟ್ಟಿ ಪೂಜೆ ಮಾಡಿಸುವುದೂ ಈ ಲೆಕ್ಕದ ಒಂದು ಭಾಗವೇ. ನೂರರಲ್ಲಿ ಕೆಡುವ ಗಾಡಿ ನನ್ನದಾಗದಿರಲಿ ಎಂಬ ಬೇಡಿಕೆ ಅದು.

ಕೊಪ್ಪಳ ತಾಲೂಕಿನದೇ ಆದ ಕಿನ್ನಾಳದ ಆಟಿಕೆಗೆ ಸಿಕ್ಕ ಭೌಗೋಳಿಕ ಸೂಚಕದ ಮನ್ನಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಹಗುರ ಕಟ್ಟಿಗೆ, ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟ, ಮೇಲೆ ಬಣ್ಣ: ಚಿತ್ರಗಾರರ ಆ ಕೆಲಸಕ್ಕೆ ಊರಿನ ಹೆಸರೇ ಮುದ್ರೆ. ಬೇರೆಡೆ ಮಾಡಿದ್ದನ್ನು ಕಿನ್ನಾಳದ್ದು ಎಂದು ಮಾರುವಂತಿಲ್ಲ. ಕಾರ್ಖಾನೆಯ ಎರಕಕ್ಕೆ ಇದು ತಿರುಗುಮುರುಗು. ಬ್ಲಾಕು ಗಿರಾಕಿಯ ಬಣ್ಣ ಬಳಿದುಕೊಂಡು, ಗಿರಾಕಿಯ ಲಾಂಛನದ ಬಾನೆಟ್ಟಿನ ಕೆಳಗೆ ಸೇರಿ, ಕೊಪ್ಪಳದ ಡೀಲರನ ಅಂಗಳಕ್ಕೇ ಮರಳಿ ಬಂದರೂ ತವರಿನ ಗುರುತು ಯಾರಿಗೂ ಸಿಗುವುದಿಲ್ಲ.

ಗುರುತು ಇಲ್ಲವೆಂದಲ್ಲ. ಎರಕದ ಮೈಮೇಲೆ ಫೌಂಡ್ರಿಯ ಚಿಹ್ನೆ, ಹೊಯ್ದ ತಾರೀಕಿನ ಅಥವಾ ಘಾಣದ ಸಂಕೇತ ಉಬ್ಬಕ್ಷರದಲ್ಲಿ ಮೂಡಿರುತ್ತದೆ. ನಾಳೆ ಗುಳ್ಳೆ ಕಂಡರೆ ಯಾವ ದಿನದ ಮರಳು, ಯಾವ ಸರತಿಯ ಕಬ್ಬಿಣ ಎಂದು ಹಿಂದಕ್ಕೆ ಹೋಗಿ ಹುಡುಕಲು. ಅದನ್ನು ಓದುವ ಪ್ರಮೇಯ ಬರುವುದು ದೂರು ಎದ್ದಾಗ, ಇಲ್ಲವೇ ಬೋರ್ ಕೆಲಸಕ್ಕೆ ಎಂಜಿನ್ ಇಳಿಸಿದಾಗ. ಗ್ಯಾರೇಜಿನ ಹುಡುಗ ಡೀಸೆಲಿನಲ್ಲಿ ಅದ್ದಿದ ಬಟ್ಟೆಯಿಂದ ವರ್ಷಗಳ ಕೆಸರು, ಜಿಡ್ಡು ಒರೆಸುತ್ತ ಹೋದಂತೆ ಬ್ಲಾಕಿನ ಪಕ್ಕೆಯಲ್ಲಿ ನಾಲ್ಕಾರು ಅಕ್ಷರ, ಅಂಕಿ ಮೇಲೇಳುತ್ತವೆ. ಅವನು ಅದರ ಮೇಲೊಮ್ಮೆ ಬಟ್ಟೆ ಆಡಿಸಿ, ತಿರುವಿ ಹಾಕಿ, ಪಿಸ್ಟನ್ ಬಿಚ್ಚಲು ಕೂರುತ್ತಾನೆ.