ಕರೆಂಟು ಹೋದ ಮೇಲಿನ ನಿಮಿಷಗಳು: ಸರ್ವರ್‌ಗಳ ಪರ್ಯಾಯ ವಿದ್ಯುತ್ ಮತ್ತು ನಿಗಾ ವ್ಯವಸ್ಥೆಯ ಬೆಳವಣಿಗೆ

ಸರ್ವರ್‌ಗಳಿಗೆ ಪರ್ಯಾಯ ವಿದ್ಯುತ್ ಯೋಜಿಸುವ ಕೆಲಸಕ್ಕೆ ಎರಡು ಮುಖ. ಕರೆಂಟು ಹೋದಾಗ ಯಂತ್ರಗಳು ನಿಲ್ಲದಂತೆ ನೋಡಿಕೊಳ್ಳುವುದು ಒಂದು. ನಿಲ್ಲಿಸದೆ ವಿಧಿಯಿಲ್ಲ ಎಂದಾಗ ಮಾಹಿತಿ ಕೆಡದ ಹಾಗೆ, ಕ್ರಮ ತಪ್ಪದೆ ನಿಲ್ಲಿಸುವುದು ಇನ್ನೊಂದು. ಚರ್ಚೆಯೆಲ್ಲ ಬಹುಮಟ್ಟಿಗೆ ಮೊದಲನೆಯದರ ಸುತ್ತಲೇ ನಡೆದಿದೆ. ಕ್ಲೌಡ್ ಬಂದ ಮೇಲೆ ಎರಡನೆಯದರ ಅಗತ್ಯವೇ ತೀರಿತು ಎಂಬ ಮಾತೂ ಚಾಲ್ತಿಯಲ್ಲಿದೆ. ಅದು ತಪ್ಪು ಗ್ರಹಿಕೆ.

ಮೇನ್‌ಫ್ರೇಮ್ ಕಾಲದಲ್ಲಿ ಮೋಟಾರ್-ಜನರೇಟರ್ ಜೋಡಿಯೂ ಭಾರದ ಚಕ್ರವೂ ಕ್ಷಣಕಾಲದ ಕಡಿತವನ್ನು ತಡೆದುಕೊಳ್ಳುತ್ತಿದ್ದವು. ಥೈರಿಸ್ಟರ್ ಬಳಸಿದ ಯುಪಿಎಸ್‌ಗಳು ಆ ಜಾಗಕ್ಕೆ ಬಂದವು. 1990ರ ದಶಕದಲ್ಲಿ ಐಜಿಬಿಟಿ ಎಂಬ ಟ್ರಾನ್ಸಿಸ್ಟರ್ ಅವುಗಳ ಗಾತ್ರ ತಗ್ಗಿಸಿತು.

ಕರ್ನಾಟಕದಲ್ಲಿ ಈ ಬೆಳವಣಿಗೆ ಲೋಡ್ ಶೆಡ್ಡಿಂಗ್ ನೆರಳಿನಲ್ಲಿ ನಡೆಯಿತು. ರಾಜ್ಯ ಬಹುಕಾಲ ಶರಾವತಿ, ಕಾಳಿಯಂಥ ಜಲವಿದ್ಯುತ್ ಯೋಜನೆಗಳನ್ನು ನೆಚ್ಚಿಕೊಂಡಿತ್ತು. ಮಳೆ ಕೈಕೊಟ್ಟ ವರ್ಷ ಕಡಿತ ತಪ್ಪುತ್ತಿರಲಿಲ್ಲ. ಹಾಗಾಗಿ ಎಷ್ಟು ಕೆವಿಎ, ಎಷ್ಟು ಗಂಟೆ ಬ್ಯಾಕಪ್ ಎಂಬ ಎರಡೇ ಪ್ರಶ್ನೆಗೆ ಯೋಜನೆ ಮುಗಿಯುವ ಅಭ್ಯಾಸ ಬೇರೂರಿತು.

ನಿಗಾ ವ್ಯವಸ್ಥೆ ಬೆಳೆದದ್ದು ಬೇರೆ ದಾರಿಯಲ್ಲಿ. ಆರಂಭದಲ್ಲಿ ಸೀರಿಯಲ್ ಕೇಬಲ್ ಸರ್ವರ್‌ಗೆ ಮುಟ್ಟಿಸುತ್ತಿದ್ದದ್ದು ಎರಡೇ ಸಂಕೇತ: ಬ್ಯಾಟರಿ ಮೇಲೆ ನಡೆಯುತ್ತಿದೆ, ಬ್ಯಾಟರಿ ಮುಗಿಯುತ್ತಿದೆ. 1994ರ ಆರ್‌ಎಫ್‌ಸಿ 1628 ಎಂಬ ಇಂಟರ್ನೆಟ್ ಮಾನದಂಡ ನಿಜವಾದ ತಿರುವು. ಬ್ಯಾಟರಿ ಮೇಲೆ ಕಳೆದ ಸೆಕೆಂಡುಗಳು, ಉಳಿದಿರಬಹುದಾದ ನಿಮಿಷಗಳು, ಬ್ಯಾಟರಿಯ ಉಷ್ಣತೆ, ಹೊರೆಯ ಪ್ರಮಾಣ ಇವನ್ನು ಯಾವ ಕಂಪನಿಯ ಯುಪಿಎಸ್‌ನಿಂದಲೇ ಆಗಲಿ ಒಂದೇ ರೀತಿ ಕೇಳಿ ಪಡೆಯುವ ದಾರಿಯನ್ನು ಅದು ತೆರೆಯಿತು. ಅದೇ ದಶಕದ ಕೊನೆಗೆ ರೂಪುಗೊಂಡ ಮುಕ್ತ ತಂತ್ರಾಂಶ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಈ ಕ್ಷೇತ್ರದ ಅತ್ಯಂತ ವಿವೇಕದ ವಿನ್ಯಾಸಗಳಲ್ಲಿ ಒಂದು. ಯುಪಿಎಸ್‌ಗೆ ನೇರ ಜೋಡಿಸಿದ ಒಂದು ಸರ್ವರ್ ಸುದ್ದಿ ಹೇಳುತ್ತದೆ, ಉಳಿದವು ಕೇಳಿಸಿಕೊಳ್ಳುತ್ತವೆ. ಬ್ಯಾಟರಿ ಅಂಚಿಗೆ ಬಂದಾಗ ಕೇಳುವವು ಮೊದಲು ಮುಚ್ಚಿಕೊಳ್ಳುತ್ತವೆ, ಹೇಳುವುದು ಕಾದು ಕೊನೆಗೆ ಮುಚ್ಚಿಕೊಳ್ಳುತ್ತದೆ. ಬಳಿಕ ಯುಪಿಎಸ್ ತನ್ನ ಹೊರಹರಿವನ್ನೇ ಕಡಿದು, ಕರೆಂಟು ಬಂದಾಗ ಮತ್ತೆ ಕೊಡಬೇಕು. ಈ ಕೊನೆಯ ಹೆಜ್ಜೆ ಬಿಟ್ಟರೆ, ಮುಚ್ಚುತ್ತಿರುವಾಗಲೇ ಕರೆಂಟು ಮರಳಿದಲ್ಲಿ ಸರ್ವರ್‌ಗಳು ನಿಂತಲ್ಲೇ ನಿಲ್ಲುತ್ತವೆ. ಯಾರಾದರೂ ಬಂದು ಗುಂಡಿ ಒತ್ತುವ ತನಕ ಏಳುವುದಿಲ್ಲ. ಸುದ್ದಿ ಸಾಗಿಸುವ ನೆಟ್‌ವರ್ಕ್ ಸ್ವಿಚ್ಚನ್ನೇ ಯುಪಿಎಸ್‌ಗೆ ಜೋಡಿಸದೆ ಬಿಟ್ಟಿರುವುದು ಇಂದಿಗೂ ಸಾಮಾನ್ಯ ಲೋಪ.

ಬ್ಯಾಟರಿಯ ವಿಷಯದಲ್ಲಿ ಅಲಕ್ಷ್ಯ ಇನ್ನೂ ಹೆಚ್ಚು. 12 ವೋಲ್ಟಿನ ಸೀಲ್ಡ್ ಲೆಡ್-ಆಸಿಡ್ ಬ್ಯಾಟರಿ ಚಾರ್ಜಿಂಗ್‌ನಲ್ಲಿರುವಾಗ ಮೀಟರ್ ಸುಮಾರು 13.6 ವೋಲ್ಟ್ ತೋರಿಸುತ್ತದೆ. ಒಳಗೆ ಸೋತ ಬ್ಯಾಟರಿಯೂ ಇದನ್ನೇ ತೋರಿಸಬಹುದು. ಹೊರೆ ಹಾಕಿದಾಗಲೇ ಅದರ ಬಣ್ಣ ಬಯಲಾಗುವುದು. ಒಂದಕ್ಕೊಂದು ಸರಣಿಯಾಗಿ ಜೋಡಿಸಿದ ಬ್ಯಾಟರಿಗಳ ಸಾಲಿನಲ್ಲಿ ಒಂದು ಕೈಕೊಟ್ಟರೂ ಇಡೀ ಸಾಲು ಮಲಗುತ್ತದೆ. 25 ಡಿಗ್ರಿಯಿಂದ ಮೇಲೆ ಪ್ರತಿ 10 ಡಿಗ್ರಿಗೆ ಬಾಳಿಕೆ ಸುಮಾರು ಅರ್ಧಕ್ಕಿಳಿಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಗೆ ಈ ಲೆಕ್ಕ ಕಡ್ಡಾಯ.

ಜುಲೈ 2012ರ ಕೊನೆಯಲ್ಲಿ ಉತ್ತರ, ಪೂರ್ವ ಭಾರತದ ಗ್ರಿಡ್‌ಗಳು ಕುಸಿದಾಗ ದಕ್ಷಿಣ ಉಳಿದುಕೊಂಡಿತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆವಿ ಮಾರ್ಗದ ಮೂಲಕ ದಕ್ಷಿಣವೂ ರಾಷ್ಟ್ರೀಯ ಗ್ರಿಡ್‌ಗೆ ಸೇರಿತು. ಇದರಿಂದ ಪೂರೈಕೆ ಬಲಗೊಂಡಿತು. ಆದರೆ ದೂರದ ದೋಷವೂ ಇಲ್ಲಿಯ ಲೆಕ್ಕಕ್ಕೆ ಬಂತು.

ಹೊರದೇಶಗಳಲ್ಲಿ ದೊಡ್ಡ ಸಂಸ್ಥೆಗಳೂ ಎಡವಿದವು. 2016ರ ಆಗಸ್ಟ್‌ನಲ್ಲಿ ಅಟ್ಲಾಂಟಾದಲ್ಲಿ ಡೆಲ್ಟಾ ವಿಮಾನಯಾನದ ವ್ಯವಸ್ಥೆ ನಿಂತಾಗ, ಸುಮಾರು 7,000 ಘಟಕಗಳಲ್ಲಿ ಸುಮಾರು 300 ಪರ್ಯಾಯ ವಿದ್ಯುತ್ತಿಗೆ ಸರಿಯಾಗಿ ಜೋಡಣೆಯಾಗಿರಲಿಲ್ಲ ಎಂದು ಕಂಪನಿಯೇ ತಿಳಿಸಿತು. ಕೊರತೆ ಇದ್ದದ್ದು ಪರೀಕ್ಷೆಯಲ್ಲಿ. ಲಿಥಿಯಂ ಬ್ಯಾಟರಿಗಳು ಜಾಗ ಉಳಿಸಿವೆ, ಆದರೆ 2022ರ ಅಕ್ಟೋಬರ್‌ನಲ್ಲಿ ದಕ್ಷಿಣ ಕೊರಿಯಾದ ಪಾಂಗ್ಯೋ ಡೇಟಾ ಸೆಂಟರ್‌ನ ಬೆಂಕಿ ಬ್ಯಾಟರಿ ಕೋಣೆಯಿಂದಲೇ ಹಬ್ಬಿ ಕಾಕಾವ್ ಕಂಪನಿಯ ಆನ್‌ಲೈನ್ ಸೇವೆಗಳನ್ನು ನಿಲ್ಲಿಸಿತು.

ತಾಲ್ಲೂಕು ಆಸ್ಪತ್ರೆ, ಸಹಕಾರಿ ಬ್ಯಾಂಕ್, ಕಾಲೇಜುಗಳ ಎರಡು-ಮೂರು ಸರ್ವರ್‌ಗಳ ಕೋಣೆಗಳಿಗೆ ಈ ಚರ್ಚೆಯಲ್ಲಿ ಜಾಗ ಸಿಕ್ಕಿಲ್ಲ. ಅಲ್ಲಿ ಬೇಕಾದದ್ದು ದುಬಾರಿಯದಲ್ಲ. ಪ್ರತಿ ಕಡಿತದ ಹೊತ್ತು, ಅವಧಿ ತಾನಾಗಿ ದಾಖಲಾಗಬೇಕು. ವರ್ಷಕ್ಕೊಮ್ಮೆಯಾದರೂ ಮೇನ್ ಸ್ವಿಚ್ ಇಳಿಸಿ ನಿಜವಾದ ಹೊರೆಯ ಮೇಲೆ ಬ್ಯಾಟರಿ ಪರೀಕ್ಷಿಸಬೇಕು. ಮುಚ್ಚುವಾಗ ಅಪ್ಲಿಕೇಶನ್, ಡೇಟಾಬೇಸ್, ಸ್ಟೋರೇಜ್ ಎಂಬ ಕ್ರಮ. ಏಳುವಾಗ ಅದರ ತಿರುಗು ಕ್ರಮ. ಕರೆಂಟು ಬಂದ ಕೂಡಲೇ ಎಲ್ಲವನ್ನೂ ಎಬ್ಬಿಸಬಾರದು: ಇನ್ನೊಂದು ಕಡಿತ ಬಂದರೂ ಕ್ರಮವಾಗಿ ಮುಚ್ಚುವಷ್ಟು ಚಾರ್ಜ್ ಬ್ಯಾಟರಿಯಲ್ಲಿ ತುಂಬುವವರೆಗೆ ಸರ್ವರ್‌ಗಳು ಕಾಯಬೇಕು.