ಆರು ರುಚಿಗಳ ಲೆಕ್ಕ

ಘಾತಾಂಕ, ಸಂಭವನೀಯತೆ ಎಂಬ ಮಾತು ಕಿವಿಗೆ ಬಿದ್ದೊಡನೆ ಪ್ರೌಢಶಾಲೆಯ ಎಷ್ಟೋ ಮಕ್ಕಳ ಮುಖ ಬಾಡುತ್ತದೆ. ಇವು ಎಲ್ಲಿಂದಲೋ ಬಂದು ಪಠ್ಯಪುಸ್ತಕದಲ್ಲಿ ನೆಲೆಸಿದ ಒಣ ವಿಷಯಗಳೆಂದು ಅವರ ಭಾವನೆ. ಹಳೆಯ ಲೆಕ್ಕವೊಂದನ್ನು ಅವರೊಡನೆ ಕುಳಿತು ಬಿಡಿಸಿದರೆ ಈ ಅಂಜಿಕೆ ಸಡಿಲವಾದೀತು.

ಆ ಲೆಕ್ಕ ಇರುವುದು ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ. ಅದರ ಕಾಲ ಸುಮಾರು ಕ್ರಿ.ಶ. 850. ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಗ್ರಂಥಕಾರನು ಆರಂಭದಲ್ಲಿಯೇ ಕೊಂಡಾಡಿದ್ದಾನೆ. ಸಂಸ್ಕೃತ ಪದ್ಯಗಳಲ್ಲಿರುವ ಈ ಗ್ರಂಥವು ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು.

ಪ್ರಶ್ನೆ ಅಡಿಗೆಮನೆಗೆ ಸಲ್ಲುವಂಥದು. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರುಚಿಗಳನ್ನು ಬಿಡಿಯಾಗಿಯೂ ಬೆರಸಿಯೂ ಎಷ್ಟು ಬಗೆ ಮಾಡಬಹುದು? ಆಚಾರ್ಯನ ಸೂತ್ರದಂತೆ ಇಳಿಯುವ ಸಂಖ್ಯೆಗಳ ಗುಣಲಬ್ಧವನ್ನು ಏರುವ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸಬೇಕು. ಎರಡೆರಡು ರುಚಿ ಬೆರಸಲು 6×5ನ್ನು 1×2ರಿಂದ ಭಾಗಿಸಿದರೆ 15. ಮೂರು ಮೂರು ಬೆರಸಲು 6×5×4ನ್ನು 1×2×3ರಿಂದ ಭಾಗಿಸಿದರೆ 20. ಹೀಗೆ 6, 15, 20, 15, 6, 1, ಒಟ್ಟು 63.

ತಾಳೆ ನೋಡಲು ಇನ್ನೊಂದು ದಾರಿಯುಂಟು. ಪ್ರತಿಯೊಂದು ರುಚಿಯೂ ಒಂದೋ ಸೇರುತ್ತದೆ, ಇಲ್ಲವೇ ಸೇರುವುದಿಲ್ಲ. ಆರು ರುಚಿಗೆ ಎರಡನ್ನು ಆರು ಸಲ ಇಟ್ಟು ಗುಣಿಸಿದರೆ 64. ಯಾವ ರುಚಿಯೂ ಸೇರದ ಒಂದನ್ನು ಕಳೆದರೆ ಅದೇ 63. ಇಲ್ಲಿ ಘಾತಾಂಕದ ಪಾಠ ತಾನಾಗಿಯೇ ಬಂದಿತು.

ಘಾತ ಕಾಣಲು ಕೂಡ ಆಚಾರ್ಯನು ಒಂದು ಜಾಡು ಹೇಳಿದ್ದಾನೆ. ಸಮವಾದರೆ ಅರ್ಧಮಾಡಿ ಸೊನ್ನೆಯ ಗುರುತಿಡು. ಬೆಸವಾದರೆ ಒಂದನ್ನು ಕಳೆದು ಒಂದರ ಗುರುತಿಡು. 6, 3, 2, 1 ಎಂದು ಇಳಿದು, ಕೊನೆಯ ಗುರುತಿನಿಂದ ಹಿಂದಿರುಗಬೇಕು. ಒಂದಿದ್ದಲ್ಲಿ ಎರಡರಿಂದ ಗುಣಿಸುವುದು, ಸೊನ್ನೆಯಿದ್ದಲ್ಲಿ ವರ್ಗಮಾಡುವುದು: 2, 4, 8, 64. ಎರಡರ ಘಾತಗಳಿಗೆ ಈ ಜಾಡು ಇನ್ನೂ ಹಿಂದೆ ಪಿಂಗಳನ ಛಂದಃಶಾಸ್ತ್ರದಲ್ಲಿಯೇ ಇದ್ದಿತು. ಇಂದಿನ ಗಣಕಯಂತ್ರಗಳೂ ದೊಡ್ಡ ಘಾತಗಳನ್ನು ಇದೇ ತತ್ತ್ವದಿಂದ ಕಾಣುವುದುಂಟು.

ಇನ್ನು ಸಂಭವನೀಯತೆ. ಅರವತ್ತಮೂರು ಬಗೆಗಳನ್ನೂ ಚೀಟಿಗಳಲ್ಲಿ ಬರೆದು, ಕಣ್ಣುಮುಚ್ಚಿ ಒಂದನ್ನು ಎತ್ತೋಣ. ಅದರಲ್ಲಿ ಮೂರೇ ರುಚಿ ಇರುವ ಸಂಭವ 63ರಲ್ಲಿ 20. ಎಣಿಕೆ ಮುಗಿದ ಮೇಲೆ ಉಳಿಯುವುದು ಇದೊಂದೇ ಹೆಜ್ಜೆ. ಆದರೆ ಆಚಾರ್ಯನ ಲೆಕ್ಕ ಎಣಿಕೆಯಲ್ಲಿಯೇ ನಿಂತಿತು. ಎಂಟು ಶತಮಾನಗಳ ಬಳಿಕ, 1654ರಲ್ಲಿ, ಜೂಜಾಟ ನಡುವೆ ನಿಂತರೆ ಪಣವನ್ನು ಹಂಚುವುದು ಹೇಗೆಂದು ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡಾಗ ಈ ಶಾಸ್ತ್ರಕ್ಕೆ ಗಟ್ಟಿಯಾದ ಬುನಾದಿ ಬಿದ್ದಿತು. ಎಲ್ಲವೂ ನಮ್ಮಲ್ಲಿಯೇ ಇದ್ದಿತೆಂದು ಬೀಗಬೇಕಾಗಿಲ್ಲ. ಏನೂ ಇರಲಿಲ್ಲವೆಂದು ಕುಗ್ಗಬೇಕಾಗಿಯೂ ಇಲ್ಲ.

ಅದೇ ಗ್ರಂಥದಲ್ಲಿ ವಜ್ರ, ನೀಲ, ಮರಕತ, ಹವಳ, ಮುತ್ತುಗಳ ಸರದ ಲೆಕ್ಕವೂ ಇದೆ. ಅದನ್ನು ಮಕ್ಕಳೇ ಬಿಡಿಸಲಿ. ಉತ್ತರ 31 ಬಂದರೆ ಸಂತೋಷ. ಏಕೆ ಬಂದಿತೆಂದು ಅವರು ವಿವರಿಸಿದರೆ ಇನ್ನೂ ಸಂತೋಷ.