ಸ್ವಂತ ಗದ್ದೆಯ ಅಕ್ಕಿ (ಭಾಗ 4)

ಕೆಮ್ಮಿದರೂ ಮೂಳೆ ಮುರಿಯುತ್ತಿತ್ತು. ಜಪಾನಿನ ತೊಯಾಮಾದಲ್ಲಿ, ಜಿಂಜೂ ನದಿ ಬಯಲಲ್ಲಿ, ಹೆಚ್ಚಾಗಿ ನಾಲ್ಕಾರು ಹೆತ್ತ ನಡುವಯಸ್ಸಿನ ಹೆಂಗಸರಿಗೆ. ರೋಗದ ಹೆಸರು ‘ಇತಾಯ್ ಇತಾಯ್’, ಅಂದ್ರೆ ‘ನೋವು, ನೋವು’. ಅವರ ನರಳಾಟವೇ ಹೆಸರಾಯ್ತು ನೋಡಿ.

ನದಿಯ ಮೇಲ್ಭಾಗದ ಕಮಿಯೋಕಾದಲ್ಲಿ ಮಿತ್ಸುಯಿ ಕಂಪನಿಯ ಸತುವಿನ ಗಣಿ. ಅಲ್ಲಿನ ಕ್ಯಾಡ್ಮಿಯಂ ನದಿಗೆ, ನದಿಯಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ. ಪೇಟೆಯವರು ಹತ್ತೂರಿನ ಅಕ್ಕಿ ತಿಂತಾರೆ. ಇವರು ವರ್ಷವಿಡೀ ತಾವು ಬೆಳೆದದ್ದನ್ನೇ ಉಂಡರು.

ಊರಿನ ಡಾಕ್ಟರ್ ಹಗಿನೊ ನೊಬೊರು ಮೊದಲು ಅಪೌಷ್ಟಿಕತೆ ಅಂದುಕೊಂಡಿದ್ದರು. 1961ರಲ್ಲಿ ಅವರೇ ಕ್ಯಾಡ್ಮಿಯಂ ಕಡೆ ಬೆರಳು ತೋರಿಸಿದರು. ಸರ್ಕಾರ ಒಪ್ಪಿದ್ದು 1968ರಲ್ಲಿ. ಕೋರ್ಟಲ್ಲಿ ಊರವರು ಗೆದ್ದದ್ದು 1971ರಲ್ಲಿ, ಮೇಲ್ಮನವಿಯಲ್ಲಿ 1972ರಲ್ಲಿ.

ಆದರೆ ಮಣ್ಣಿಗೆ ತೀರ್ಪು ತಿಳಿಯುತ್ತಾ? ಆ ಗದ್ದೆಗಳ ಮಣ್ಣು ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ.